ಕಾಕಾನ ಹೊಸ ಟಾಯರಿಗೆ ಎಣ್ಣೆಸ್ನಾನ

ನಮ್ಮ ಕಾಕಾನ ಮೋಟಾರ್‌ಸೈಕಲ್ ಎಷ್ಟು ಭಾರ ಎಂದು ನನ್ನನ್ನು ಯಾರೂ ಕೇಳಿಲ್ಲ. ಆದರೂ ಹೇಳಿಬಿಡುತ್ತೇನೆ. ತಕ್ಕಡಿಯ ಒಂದು ಕಡೆ ಅದನ್ನಿಟ್ಟು, ಇನ್ನೊಂದು ಕಡೆ ನಮ್ಮ ಅಜ್ಜಿ, ಅಜ್ಜಿಯ ತಾಮ್ರದ ಹಂಡೆ, ಹಂಡೆ ತುಂಬ ನೀರು, ಆ ನೀರು ಕಾಸುವ ಒಲೆ ಎಲ್ಲವನ್ನೂ ಇಟ್ಟರೂ ಗಾಡಿಯ ಕಡೆಯೇ ಕೆಳಗೆ ಹೋಗುತ್ತದೆ. ಅಮೆರಿಕದ ಗಾಡಿ. ಪುಣೆಯ ಲಷ್ಕರದ ಕ್ಯಾಂಪಿನಲ್ಲಿದ್ದ ಒಬ್ಬ ಸಾಹೇಬ ತನ್ನ ದೇಶಕ್ಕೆ ಹೊರಟಾಗ ಅದು ಕಾಕಾನ ಪಾಲಿಗೆ ಬಂತು. ಅಗಲವಾದ ಸೀಟು, ಎಮ್ಮೆಯ ಕೋಡಿನಂಥ ಹ್ಯಾಂಡಲ್ಲು. ಆರಾಮಕುರ್ಚಿಯಲ್ಲಿ ಕುಳಿತವರ ಹಾಗೆ ಕಾಲು ಮುಂದೆ ಚಾಚಿ ಓಡಿಸಬಹುದು. ಅದನ್ನು ಶುರುಮಾಡಿದರೆ ನಮ್ಮ ಸದಾಶಿವ ಪೇಟೆಯ ಪಾರಿವಾಳಗಳೆಲ್ಲ ಹಾರಿ ಶನಿವಾರ ಪೇಟೆಯಲ್ಲಿ ಹೋಗಿ ಕೂರುತ್ತಿದ್ದವು. ಕೆಲವು ಇನ್ನೂ ಮರಳಿ ಬಂದಿಲ್ಲ.

ನಾವು ವಿಜಾಪುರದ ಕಡೆಯವರು. ಅಪ್ಪ ಕಚೇರಿಯಲ್ಲಿ ಕಾರಕೂನ. ಅಪ್ಪನ ತಮ್ಮನಾದ ಕಾಕಾ ಹೊಲಿಗೆ ಯಂತ್ರದ ಏಜೆಂಟ, ಊರೂರು ಸುತ್ತುವ ಕೆಲಸ. ಹೀಗಾಗಿ ಗಾಡಿಯ ಟಾಯರು ನಮ್ಮ ಮನೆಯಲ್ಲಿ ಅಕ್ಕಿ ಬೇಳೆಯಷ್ಟೇ ಮುಖ್ಯ. ಅದು ಎಷ್ಟು ಸವೆದಿದೆ ಎಂದು ನೋಡಲು ಕಾಕಾ ಅಜ್ಜಿಯ ಮಸಾಲೆ ಡಬ್ಬಿಯನ್ನೇ ಎತ್ತಿಕೊಂಡು ಬರುತ್ತಿದ್ದ. ರಬ್ಬರಿನ ಉಬ್ಬುಗಳ ನಡುವಿನ ಸಂದಿನಲ್ಲಿ ಜೋಳದ ಕಾಳು ಪೂರಾ ಮುಳುಗಿದರೆ ಟಾಯರು ಹೊಸದು. ಜೋಳ ಹೊರಗೆ ಇಣುಕಿ, ಗೋಧಿ ಅಡ್ಡಡ್ಡ ಮಲಗಿ ಮುಳುಗಿದರೆ ನಡುವಯಸ್ಸು. ಸಾಸಿವೆ ಮಾತ್ರ ಮುಳುಗಿದರೆ ಮುಪ್ಪು. ಗಸಗಸೆಗೆ ಬಂದರೆ ದೇವರ ಹೆಸರು ಹೇಳಿಕೊಂಡು ಗಾಡಿ ಹತ್ತಬೇಕು.

ಹೋದ ವರ್ಷ ದಸರೆಯ ಹೊತ್ತಿಗೆ ಹಿಂದಿನ ಟಾಯರು ಗಸಗಸೆಗೆ ಬಂತು. ಮುಂದಿನದು ಇನ್ನೂ ಸಾಸಿವೆಯಲ್ಲಿತ್ತು. ಹಿಂದಿನ ಗಾಲಿಯನ್ನು ಎಂಜಿನ್ನು ತಿರುಗಿಸುತ್ತದೆ, ಭಾರವೂ ಅದರ ಮೇಲೆಯೇ, ಅದಕ್ಕೆ ನಟ್ಟನಡುವೆ ಸವೆದು ರೊಟ್ಟಿ ತಟ್ಟುವ ಕಲ್ಲಿನಂತೆ ಚಪ್ಪಟೆಯಾಗಿದೆ ಎಂದು ಕಾಕಾ ವಿವರಿಸಿದ. ಅಜ್ಜಿ ಎರಡನ್ನೂ ನೋಡಿ ಒಂದೇ ಮಾತು ಹೇಳಿದಳು: "ನಮ್ಮ ಮನೀ ಕಥೀನೂ ಇದ. ಮುಂದ ನಿಂತಾಂವ ಸವಿಯಂಗಿಲ್ಲ, ಹಿಂದ ದುಡಿಯಾಕಿ ಸವೀತಾಳ." ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

ಇಷ್ಟರಲ್ಲಿ ಕಾಕಾನ ಮಾವ ಬಂದರು. ಕಾಕಾನ ಮದುವೆಯಾಗಿ ಆಗ ಐದೇ ತಿಂಗಳು. ಮೊದಲ ದೀಪಾವಳಿ ಹತ್ತಿರ ಬಂದದ್ದರಿಂದ ಮಗಳನ್ನು ತವರಿಗೆ ಕರೆದುಕೊಂಡು ಹೋಗಲು, ಅಳಿಯನನ್ನು ಹಬ್ಬಕ್ಕೆ ಕರೆಯಲು ಬಂದಿದ್ದರು. ಅವರು ಪುಣೆಯಿಂದ ಸುಮಾರು ಐವತ್ತು ಮೈಲಿ ದೂರದ ದೌಂಡ ಜಂಕ್ಷನ್ನಿನಲ್ಲಿ ರೇಲ್ವೆಯ ಗಾಲಿ ಪರೀಕ್ಷೆ ಮಾಡುವವರು. ರೈಲು ಬಂದು ನಿಂತ ಕೂಡಲೇ ಉದ್ದ ಹಿಡಿಯ ಸುತ್ತಿಗೆ ಹಿಡಿದು ಒಂದೊಂದೇ ಗಾಲಿಗೆ ಬಡಿಯುತ್ತ ಹೋಗುವುದು ಅವರ ಕೆಲಸ. ಟಣ್ ಎಂದರೆ ಗಾಲಿ ಗಟ್ಟಿ. ಥಪ್ ಎಂದರೆ ಒಳಗೆ ಬಿರುಕು. ಇಪ್ಪತ್ತೈದು ವರ್ಷ ಇದನ್ನೇ ಮಾಡಿ ಅವರಿಗೆ ಬಡಿಯದೆ ಏನನ್ನೂ ನಂಬುವ ಅಭ್ಯಾಸವೇ ಹೋಗಿತ್ತು. ಕಲ್ಲಂಗಡಿ ಬಡಿಯುತ್ತಿದ್ದರು, ಕೊಡ ಬಡಿಯುತ್ತಿದ್ದರು. ವರಪರೀಕ್ಷೆಗೆ ಬಂದಾಗ ಕಾಕಾನ ಬೆನ್ನನ್ನೂ ಬಡಿದಿದ್ದರಂತೆ. ಆಗ ಟಣ್ ಎಂದಿತ್ತು ಎಂದು ನಾನು ಎಲ್ಲರಿಗೂ ಹೇಳಿದ್ದೇನೆ.

ಆ ದಿನ ಅವರು ಗಾಡಿಯ ಹಿಂದಿನ ಟಾಯರಿಗೆ ಬೆರಳ ಗೆಣ್ಣಿನಿಂದ ಬಡಿದರು. ಅದು ಏನನ್ನೂ ಹೇಳಲಿಲ್ಲ. ಮತ್ತೆ ಬಡಿದರು.

"ಅಳಿಯಂದ್ರ, ಕೇಳಿದ್ರೂ ಉತ್ತರಾ ಕೊಡದ ಗಾಲಿನ್ನ ನಾ ನಂಬಂಗಿಲ್ರಿ."

"ಮಾವಾರ, ಅದು ರಬ್ಬರ್ ಅದರಿ. ಅದ್ಹೆಂಗ ಮಾತಾಡ್ತದರಿ?"

"ಮಾತಾಡೂದ ಯಾವಾಗ? ದಾರ್ಯಾಗ ಠುಸ್ ಅಂತ ಕುಂತ ಮ್ಯಾಲೆ. ಆವಾಗ ನನ್ನ ಮಗಳು ರಸ್ತೆದಾಗ ನಿಂತಿರ್ತಾಳ."

ಮಾತಿಗೆ ಮಾತು ಬೆಳೆಯಿತು. ಕೊನೆಗೆ ಮಾವ ತೀರ್ಪು ಕೊಟ್ಟರು: "ಹಬ್ಬಕ್ಕ ಇದರ ಮ್ಯಾಲೇ ಬರ್ರಿ. ಒಮ್ಮೆನೂ ಗಾಳಿ ಬಿಡದ ದೌಂಡ ಮುಟ್ಟಿದ್ರ ಮಗಳನ್ನ ಇದರ ಮ್ಯಾಲೇ ಕಳಸ್ತೇನಿ. ಬಿಡ್ತೋ, ಗಾಡಿ ಮಾರಿಬಿಡ್ರಿ, ರೈಲಾಗ ಓಡಾಡ್ರಿ."

ಕಾಕಾ ಯೋಚನೆ ಮಾಡದೆ ಹೂಂ ಅಂದುಬಿಟ್ಟ. ಅವನು ಸೋತರೆ ನನಗೂ ನಷ್ಟ. ಏಕೆಂದರೆ ಮ್ಯಾಟ್ರಿಕ್ ಪಾಸಾದರೆ ನನಗೆ ಗಾಡಿ ಓಡಿಸಲು ಕಲಿಸುತ್ತೇನೆ ಎಂದು ಕಾಕಾ ಮಾತು ಕೊಟ್ಟಿದ್ದ. ನಾನೋ, ಈಗಾಗಲೇ ಕಲಿತಿದ್ದೇನೆ ಎಂದು ಶಾಲೆಯಲ್ಲಿ ಹೇಳಿ ಮುಗಿಸಿದ್ದೆ. ಗಾಡಿ ಹೋದರೆ ನನ್ನ ಮಾನವೂ ಅದರ ಹಿಂದಿನ ಸೀಟಿನಲ್ಲಿ ಕುಳಿತು ಹೋದಂತೆ.

"ದಾರ್ಯಾಗ ಗುಪ್ ಚುಪ್ ತ್ಯಾಪಿ ಹಚ್ಚಿದ್ರ ನಮಗೇನ ಗೊತ್ತಾಗ್ತದ?" ಎಂದು ಮಾವ ನನ್ನತ್ತ ತಿರುಗಿದರು. "ಈ ಹುಡುಗಿ ಸಂಗಾಟ ಬರ್ಲಿ, ಸಾಕ್ಷಿಗೆ."

"ಈಕಿ ಸಾಕ್ಷಿ?" ಅಜ್ಜಿ ನಕ್ಕಳು. "ಬೀಗರ, ಈಕಿ ಇಲಿ ನೋಡಿದ್ರ ಆನಿ ಅಂತಾಳರಿ."

ಇದು ಸುಳ್ಳು. ನಾನು ಹೆಗ್ಗಣ ಅಂದಿದ್ದೆ.

ಯುದ್ಧ ಮುಗಿದಿದ್ದರೂ ಟಾಯರು ಸಿಗುವುದು ಕಷ್ಟವಿತ್ತು. ಕ್ಯಾಂಪಿನ ಹಿಂಬದಿಯ ಓಣಿಯಲ್ಲಿ ಟಾಯರು ಮಾರುವ ಒಬ್ಬ ಮುದುಕರಿದ್ದರು. ಎಲ್ಲರೂ ಚಾಚಾ ಎನ್ನುತ್ತಿದ್ದರು. ಬೆಳಗಾವಿಯಲ್ಲಿ ಬಹಳ ವರ್ಷ ಇದ್ದವರಾದ್ದರಿಂದ ನಮ್ಮ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಕಾಕಾನ ಜೊತೆ ನಾನೂ ಹೋದೆ. ಸಾಕ್ಷಿ ಎಂದಮೇಲೆ ಮೊದಲಿನಿಂದಲೇ ಇರಬೇಕಲ್ಲ!

ನಮ್ಮ ಗಾಲಿಯ ಅಳತೆಗೆ ಅವರಲ್ಲಿ ಮೂರು ತರಹದ ಜೋಡಿ ಇದ್ದವು. ಮೊದಲನೆಯದನ್ನು ನೋಡಿದ ಕೂಡಲೇ ನಾನು ಸೋತೆ. ಕಪ್ಪು ಟಾಯರಿನ ಪಕ್ಕದಲ್ಲಿ ಸುತ್ತಲೂ ಬೆಳ್ಳನೆಯ ಪಟ್ಟಿ. ಸಿನಿಮಾದವರ ಮೋಟಾರಿಗೆ ಇರುವಂಥದು.

"ಕಾಕಾ, ಇದ. ಬ್ಯಾರೆ ನೋಡೂದ ಬ್ಯಾಡ."

ಚಾಚಾ ನಕ್ಕು ತಮ್ಮ ಹೆಬ್ಬೆರಳ ಉಗುರನ್ನು ಅದರ ರಬ್ಬರಿಗೆ ಒತ್ತಿದರು. ಉಗುರು ಇಳಿಯಲೇ ಇಲ್ಲ. ಟಾಯರನ್ನು ಕೊಂಚ ಬಾಗಿಸಿದರು. ಬೆಳ್ಳನೆಯ ಪಟ್ಟಿಯ ಪಕ್ಕದಲ್ಲಿ ನಮ್ಮ ಅಜ್ಜಿಯ ಹಿಮ್ಮಡಿಯ ಹಾಗೆ ಸಣ್ಣ ಸಣ್ಣ ಬಿರುಕು.

"ಬೇಟಿ, ಟಾಯರ್ ಮುಖಾ ನೋಡಿ ತಗೋಬಾರ್ದು, ವಯಸ್ಸ ನೋಡಿ ತಗೋಬೇಕು. ಇದು ಯುದ್ಧದಕಿಂತಾ ಮೊದಲಿಂದು. ಗೋದಾಮಿನ್ಯಾಗ ಕುಂತ ಕುಂತ ಮುದುಕ ಆಗೇದ. ಒಂದ ಮೈಲಿನೂ ಓಡಿಲ್ಲ, ಆದ್ರೂ ಮುದುಕ."

ಎರಡನೆಯದು ಹಳೆಯ ಟಾಯರಿಗೆ ಮೇಲೆ ಹೊಸ ರಬ್ಬರು ಹಾಕಿದ್ದು. ನೋಡಲು ಚೆನ್ನಾಗಿತ್ತು. "ಹಗುರ ಗಾಡಿಗೆ ನಡೀತದ," ಎಂದರು ಚಾಚಾ, "ನಿಮ್ಮದು ಆನಿ. ಬಿಸಿಲಾಗ ಓಡಿ ಓಡಿ ಕಾದ್ರ ಮ್ಯಾಲಿನ ಚರ್ಮಾ ಸುಲದ ಹೋಗ್ತದ."

ಮೂರನೆಯದು ಲಷ್ಕರದ ಹರಾಜಿನಲ್ಲಿ ಬಂದ ಮಾಲು. ಬಳಸದ್ದೇ, ಆದರೆ ಎಂಥ ಕುರೂಪ! ಆಮೆಯ ಬೆನ್ನಿನಂತೆ ದಪ್ಪ ದಪ್ಪ ಉಬ್ಬುಗಳು, ಹೊಳಪೇ ಇಲ್ಲದ ಮಣ್ಣುಮಣ್ಣು ಬಣ್ಣ. ಚಾಚಾ ಉಗುರು ಒತ್ತಿದರು. ಉಗುರು ಇಳಿಯಿತು, ತೆಗೆದ ಕೂಡಲೇ ಗುರುತು ತಾನೇ ಮಾಯವಾಯಿತು. ಟಾಯರನ್ನು ನಿಲ್ಲಿಸಿ ಅದರ ಮೇಲೆ ತಮ್ಮ ಇಡೀ ಭಾರ ಹಾಕಿ ಕುಳಿತರು. ಅದು ಅಲುಗಲಿಲ್ಲ.

"ಇದು ಜೀವಂತ ಅದ."

ಕಾಕಾ ತಲೆ ಕೆರೆದುಕೊಂಡ. "ಚಾಚಾ, ಈ ಉಬ್ಬು ಭಾಳ ಆವಾಜ ಮಾಡ್ತಾವು. ಡಾಂಬರಿನ ಮ್ಯಾಲೆ ಲಗೂನ ಸವೀತಾವು."

"ಖರೆ, ಸವೀತಾವು. ಆದ್ರ ನೀ ಓಡಾಡೂ ದಾರ್ಯಾಗ ಡಾಂಬರೆಷ್ಟು, ಎತ್ತಿನ ಲಾಳದ ಮೊಳಿ ಎಷ್ಟು? ನೀನ ಹೇಳು."

ಕಾಕಾ ಕಿಸೆಯಿಂದ ಜೋಳ ತೆಗೆದ. ಒಂದು ಕಾಳು ಮುಳುಗಿತು. ಅದರ ಮೇಲೆ ಇನ್ನೊಂದು ಇಟ್ಟ, ಅದೂ ಮುಳುಗಿತು. ನಮ್ಮ ಮನೆತನದ ಚರಿತ್ರೆಯಲ್ಲೇ ಎರಡು ಜೋಳದ ಟಾಯರು ಯಾರೂ ಕಂಡಿರಲಿಲ್ಲ. ಹಿಂದೊಂದು ಮುಂದೊಂದು, ಜೋಡಿಯನ್ನೇ ತೆಗೆದುಕೊಂಡ. ಹೊರಡುವಾಗ ಚಾಚಾ ಎಚ್ಚರಿಸಿದರು: "ಪೆಟ್ರೋಲು, ಚಿಮಣಿ ಎಣ್ಣಿ ರಬ್ಬರಿಗೆ ಮುಟ್ಟಸಬ್ಯಾಡ್ರಿ. ಕೆಟ್ಟು ಹೋಗ್ತದ."

ತೆಂಗಿನೆಣ್ಣೆಯ ಹೆಸರನ್ನು ಅವರು ಎತ್ತಲಿಲ್ಲ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಮುಂದೆ ನನ್ನ ಪರವಾಗಿ ಹೇಳಲು ಇದೊಂದೇ ಮಾತಿದೆ.

ನರಕ ಚತುರ್ದಶಿಯ ಬೆಳಗಿನ ಜಾವ ಎಲ್ಲರಿಗೂ ಎಣ್ಣೆಸ್ನಾನ. ನಮ್ಮ ಮನೆಯಲ್ಲಿ ಆ ದಿನ ಎಣ್ಣೆ ಮುಟ್ಟದೆ ಯಾರೂ ಹೊಸ್ತಿಲು ದಾಟುವಂತಿಲ್ಲ. ಅಂದೇ ಕಾಕಾ ಮತ್ತು ನಾನು ದೌಂಡಕ್ಕೆ ಹೊರಡುವವರು. ಮಧ್ಯಾಹ್ನದ ಊಟಕ್ಕೆ ಅಲ್ಲಿ ಎಲೆ ಹಾಕಿರುತ್ತಾರೆ. ಕಾಕಾ ಬಚ್ಚಲಿಗೆ ಹೋದಾಗ ಅಜ್ಜಿ ನನ್ನ ಕೈಗೆ ಎಣ್ಣೆಯ ಬಟ್ಟಲು ಕೊಟ್ಟಳು.

"ಗಾಡಿನೂ ಮನಿಯೊಳಗ ಮಲಕೋತದ ಅಂದ ಮ್ಯಾಲೆ ಅದೂ ಮನೀ ಮಂದೀನ. ಅದರಾಗೂ ಕಾಲಿಗೆ ಹೊಸಾದು ಹಾಕ್ಕೊಂಡದ. ಗರಿಕಿಲೆ ಮೂರ ಬೊಟ್ಟ ಎಣ್ಣಿ ಮುಟ್ಟಿಸಿ ಬಾ."

ಗರಿಕೆಯನ್ನು ಎಣ್ಣೆಯಲ್ಲಿ ಅದ್ದಿ ಟಾಯರಿಗೆ ಒಂದು ಬೊಟ್ಟು ಇಟ್ಟೆ. ಬೊಟ್ಟು ಬಿದ್ದ ಜಾಗ ಫಳಫಳ ಹೊಳೆಯಿತು. ಆ ಮಣ್ಣು ಬಣ್ಣ ಹೋಗಿ ಕಾಡಿಗೆಯಂಥ ಕಪ್ಪು! ಬಿಳಿ ಪಟ್ಟಿ ಹೋದರೂ ಪರವಾಗಿಲ್ಲ, ಹೀಗೆ ಹೊಳೆಯುವ ಟಾಯರು ಪುಣೆಯಲ್ಲಿ ಯಾರಿಗಿದೆ? ಗರಿಕೆ ಎಸೆದೆ. ಪರಕಾರದ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಕೂತೆ. ನೆತ್ತಿಗೆ ತಟ್ಟಿ, ಬೆನ್ನಿಗೆ ತೀಡಿ, ಸಂದಿಗೊಂದು ಬೆರಳು ಹಾಕಿ, ಅಜ್ಜಿ ನಮಗೆ ಹೇಗೆ ಹಚ್ಚುತ್ತಾಳೋ ಹಾಗೆ ಎರಡೂ ಟಾಯರಿಗೆ ಇಡೀ ಬಟ್ಟಲು ತಿಕ್ಕಿದೆ. ಆ ಎಣ್ಣೆಯಲ್ಲಿ ಕಚೋರದ ಬೇರು ಸೇರಿಸಿ ಕಾಸಿದ್ದರು. ಗಾಡಿ ಮದುಮಗನ ಹಾಗೆ ಘಮಘಮಿಸಿತು.

ಏಳು ಗಂಟೆಗೆ ಇಡೀ ವಾಡೆಯ ಬಿಡಾರಗಳ ಜನ ನಮ್ಮನ್ನು ಕಳಿಸಲು ಬಾಗಿಲಿಗೆ ಬಂದರು. ನಾನು ಹಿಂದಿನ ಸೀಟಿನಲ್ಲಿ ಒಂದು ಪಕ್ಕಕ್ಕೆ ಕಾಲು ಹಾಕಿ, ಯಾರ ಕಡೆಯೂ ನೋಡದವಳಂತೆ ಎಲ್ಲರನ್ನೂ ನೋಡುತ್ತ ಕುಳಿತೆ. ಬಾಗಿಲ ಮುಂದೆ ಕಲ್ಲುಚಪ್ಪಡಿ. ಸಾರಿಸಿ, ನೀರು ಹಾಕಿ, ರಂಗೋಲಿ ಬಿಡಿಸಿದ್ದರು. ಕಾಕಾ ಕಿಕ್ ಹೊಡೆದ. ಪಾರಿವಾಳಗಳು ಹಾರಿದವು. ಕ್ಲಚ್ ಬಿಟ್ಟ.

ಹಿಂದಿನ ಗಾಲಿ ತಿರುಗಿತು. ಗಾಡಿ ಮಾತ್ರ ಹೋಗಲಿಲ್ಲ. ಗಾಲಿ ಬುಗುರಿಯಂತೆ ನಿಂತಲ್ಲೇ ಗಿರಗಿರನೆ ಸುತ್ತಿ, ಆಮೇಲೆ ಹಿಂಭಾಗವೆಲ್ಲ ಜಾರಿ, ನಾವಿಬ್ಬರೂ ಗಾಡಿಯ ಸಮೇತ ಏಳು ಸುತ್ತು ತಿರುಗಿದೆವು. ಅರ್ಧ ಸುತ್ತು ಎಂದು ಕಾಕಾ ಹೇಳುತ್ತಾನೆ. ಅವನ ಕಣ್ಣು ಮುಚ್ಚಿದ್ದವು. ಕೊನೆಗೆ ರಂಗೋಲಿಯ ನಡುವೆ ಗಾಡಿ ಮೆಲ್ಲಗೆ ಒರಗಿ, ನಾವಿಬ್ಬರೂ ಬಾಗಿಲಿಗೆ ಮುಖ ಮಾಡಿ ಕುಳಿತಿದ್ದೆವು. ಹೊರಟವರು ಮರಳಿ ಬಂದ ಹಾಗೆ.

"ಅಗ ಬಾಯಿ!" ಎಂದಳು ಪಕ್ಕದ ಮನೆಯ ಮರಾಠಿ ಕಾಕು, ಇಷ್ಟು ಬೇಗ ದೌಂಡದಿಂದ ಬಂದಿರಾ ಎಂದೂ ಕೇಳಿದಳು.

ಕಾಕಾ ಟಾಯರು ಮುಟ್ಟಿದ. ಬೆರಳು ಮೂಸಿದ. ಅವನ ಮುಖದ ಬಣ್ಣ ಬದಲಾಯಿತು.

"ಯಾರ ಮಾಡ್ಯಾರ ಇದನ್ನ?"

ನಾನು ಅಜ್ಜಿಯ ಕಡೆ ನೋಡಿದೆ. ಅಜ್ಜಿ ನನ್ನ ಕಡೆ ನೋಡಿದಳು.

"ಮೂರ ಬೊಟ್ಟ ಅಂದಿದ್ದೆ, ಹುಚ್ಚಖೋಡಿ!"

"ಮೂರ ಬೊಟ್ಟಿಂದನ ಶುರು ಮಾಡಿದೆ ಅಜ್ಜಿ," ಎಂದೆ.

"ಮುಗೀತು," ಎಂದು ಕಾಕಾ ಕಟ್ಟೆಯ ಮೇಲೆ ಕುಳಿತುಬಿಟ್ಟ. "ಚಿಮಣಿ ಎಣ್ಣಿಲೆ ಒರಸೂ ಹಂಗಿಲ್ಲ, ಪೆಟ್ರೋಲ್ ಹಾಕೂ ಹಂಗಿಲ್ಲ. ಹಿಂಗ ಹ್ವಾದ್ರ ಮೊದಲನೇ ತಿರುವಿನ್ಯಾಗ ಇಬ್ಬರೂ ಗಟಾರದಾಗ. ಗಾಡಿ ಹೋತು ತಿಳಕೋ." ಅವನ ಮುಖ ನೋಡಿ, ತಪ್ಪು ನನ್ನದೇ ಎಂದು ಮೊದಲ ಸಲ ಒಪ್ಪಿಕೊಂಡೆ. ಇದರಲ್ಲಿ ಉತ್ಪ್ರೇಕ್ಷೆಯಿಲ್ಲ. ನನ್ನ ಹೊಳಪಿನ ಆಸೆಗೆ ಅವನ ಗಾಡಿ ಹೋಗುತ್ತಿತ್ತು.

ಅಜ್ಜಿ ಸೆರಗು ಸಿಕ್ಕಿಸಿಕೊಂಡಳು. "ಏಳೋ ತಮ್ಮಾ, ಅಳೂ ಅಂಥಾದ್ದೇನಾತು? ಎಣ್ಣಿ ಹಚ್ಚ್ಯಾರ, ಎರಕೊಳ್ಳೂದು ಉಳದದ, ಅಷ್ಟ. ಎಣ್ಣಿ ತಗಿಯೂದು ನನಗ ಗೊತ್ತಿಲ್ಲೇನು?"

ಮುಂದಿನ ಒಂದು ಗಂಟೆ ಗಾಡಿಗೆ ಆದಂಥ ಸ್ನಾನ ಯಾವ ಅಳಿಯನಿಗೂ ಆಗಿಲ್ಲ. ಹಂಡೆಯ ಬಿಸಿನೀರು ಬಂತು. ಸೀಗೆಪುಡಿ ಬಂತು, ನಮ್ಮದು ಮುಗಿದಾಗ ಪಕ್ಕದ ಮನೆಯ ಕಾಕು ತನ್ನದನ್ನು ತಂದಳು. ಕಡಲೆಹಿಟ್ಟು ಬಂತು. ತೆಂಗಿನ ನಾರು ಹಿಡಿದು ನಾನು ತಿಕ್ಕಿದೆ, ಒಂದೊಂದು ಉಬ್ಬನ್ನೂ, ಒಂದೊಂದು ಸಂದನ್ನೂ. "ಕಿವಿ ಹಿಂದ ತಿಕ್ಕು," ಎಂದು ಅಜ್ಜಿ ಟಾಯರಿನ ಅಂಚು ತೋರಿಸಿದಳು. ಮೂರು ಸಲ ಹಿಟ್ಟು, ಮೂರು ಸಲ ನೀರು. ಆಮೇಲೆ ಗಾಡಿಯನ್ನು ಓಣಿಯ ಒಣಮಣ್ಣಿನಲ್ಲಿ ಹತ್ತು ಸಲ ನೂಕಿ ಹೊರಳಿಸಿದೆವು. ಕಾಕಾ ಮುಟ್ಟಿ ನೋಡಿದ. ಬೆರಳು ಜಾರಲಿಲ್ಲ, ಕಿರ್ ಎಂದು ಹಿಡಿಯಿತು. ಟಾಯರು ಮತ್ತೆ ಅದೇ ಮಣ್ಣು ಬಣ್ಣಕ್ಕೆ ಬಂದಿತ್ತು. ಅಷ್ಟು ಸುಂದರವಾಗಿ ಅದು ಹಿಂದೆಂದೂ ಕಂಡಿರಲಿಲ್ಲ.

ಹಡಪಸರ ದಾಟಿ, ಲೋಣಿ ದಾಟಿ ಹೊರಟೆವು. ಕಾಕಾ ಮೊದಲು ಎತ್ತಿನಷ್ಟೇ ವೇಗದಲ್ಲಿ, ಆಮೇಲೆ ಕುದುರೆಯಷ್ಟೇ ವೇಗದಲ್ಲಿ ಓಡಿಸಿದ. ಆ ಉಬ್ಬುಗಳು ರಸ್ತೆಯ ಮೇಲೆ ಹಾಡಿದ ಹಾಡು ನನ್ನ ಹಲ್ಲಿನಲ್ಲಿ ಇನ್ನೂ ಉಳಿದಿದೆ. ಕಬ್ಬಿನ ಗಾಡಿಗಳ ಸಾಲು ಕಂಡಾಗಲೆಲ್ಲ ನಾನು ಅವನ ಭುಜದ ಮೇಲಿಂದ ಬಾಗಿ ನೆಲ ನೋಡಿ ಕೂಗುತ್ತಿದ್ದೆ: "ಮೊಳಿ! ಎಡಕ್ಕ! ಮೊಳಿ, ಬಲಕ್ಕ!"

"ಒಂದರ ಖರೆ ಇದ್ದೀತೇನ ಅದರಾಗ?" ಎಂದು ಕಾಕಾ ಚೀರಿದ.

"ಮೂರರಾಗ ಒಂದು ಖರೆ!" ಎಂದೆ.

ದೌಂಡದ ರೇಲ್ವೆ ಕ್ವಾರ್ಟರ್ಸ್ ಮುಟ್ಟಿದಾಗ ಸೂರ್ಯ ನೆತ್ತಿಯಿಂದ ಸ್ವಲ್ಪ ಆಚೆಗೆ ಸರಿದಿದ್ದ. ಬಾಗಿಲಲ್ಲಿ ಕಾಕಾನ ಅತ್ತೆ ಆರತಿಯ ಕೆಂಪು ನೀರು ಹಿಡಿದು ನಿಂತಿದ್ದರು, ಹಿಂದೆ ಕಾಕಾನ ಹೆಂಡತಿ, ನಮ್ಮ ಹೊಸ ಕಾಕು. ಅವರಿಬ್ಬರ ಮುಂದೆ ಮಾವ. ಕೈಯಲ್ಲಿ ಸುತ್ತಿಗೆ.

"ಎಷ್ಟ ಸಲಾ ಗಾಳಿ ಹೋತು?" ನನ್ನನ್ನೇ ಕೇಳಿದರು.

"ಒಂದ ಸಲಾನೂ ಇಲ್ರಿ ಅಜ್ಜಾರ."

"ಒಂದ ಸಲಾನೂ?"

"ಅಜ್ಜಿ ಆಣೆಗೂ."

ನನ್ನ ಬಾಳಿನಲ್ಲಿ ಅಷ್ಟು ಅಪ್ಪಟ ಸತ್ಯ ನಾನು ಹೇಳಿರಲಿಲ್ಲ. ಅವರು ಅದರಲ್ಲಿ ಒಂದಕ್ಷರವನ್ನೂ ನಂಬಲಿಲ್ಲ. ಬಗ್ಗಿ ಮುಂದಿನ ಟಾಯರಿಗೆ ಬಡಿದರು. ಥಪ್. ಹಿಂದಿನದಕ್ಕೆ ಬಡಿಯುತ್ತ ಗಾಡಿಯನ್ನು ಮೆಲ್ಲಗೆ ಮುಂದೆ ನೂಕಿಸಿದರು. ಥಪ್. ಥಪ್. ಥಪ್. ಟಣ್.

ಎಲ್ಲರೂ ಬೆಚ್ಚಿದೆವು. ರಬ್ಬರಿನ ಒಂದು ಉಬ್ಬಿನ ನಟ್ಟನಡುವೆ ಎತ್ತಿನ ಲಾಳದ ಮೊಳೆಯ ತಲೆ ಹೊಳೆಯುತ್ತಿತ್ತು. ನಾನು ಕೂಗಿದ್ದರಲ್ಲಿ ಕಾಕಾ ನಂಬದೆ ಬಿಟ್ಟ ಒಂದು ಇರಬೇಕು.

"ನೋಡ್ರಿ," ಎಂದರು ಮಾವ. ದನಿಯಲ್ಲಿ ಗೆದ್ದ ಹಿಗ್ಗು ಇರಲಿಲ್ಲ. ಪಾಪ, ಮಗಳ ಮುಖ ನೋಡಿದ್ದರು. "ತಗದ್ರ ಗಾಳಿ ಹೋಗ್ತದ."

"ತಗೀರಿ ಮಾವಾರ," ಎಂದ ಕಾಕಾ.

ಮಾವ ಇಕ್ಕಳ ತಂದರು. ಮೊಳೆ ಹಿಡಿದು ಎಳೆದರು. ಅದು ಕಿರುಗುಟ್ಟುತ್ತ ಬಂತು. ನಾವೆಲ್ಲ ಬಗ್ಗಿ ಆ ತೂತಿಗೆ ಕಿವಿ ಕೊಟ್ಟೆವು. ದೂರದಲ್ಲಿ ಯಾರೋ ಪಟಾಕಿ ಹಾರಿಸಿದರು. ಟಾಯರು ಸುಮ್ಮನಿತ್ತು.

ಕಾಕಾನ ಅತ್ತೆ ಮುಂದೆ ಬಂದು, ಅಳಿಯನಿಗೆಂದು ಕದಡಿದ್ದ ಆರತಿಯ ನೀರನ್ನು ತೂತಿನ ಮೇಲೆ ಬಗ್ಗಿಸಿದರು. ಕೆಂಪು ನೀರು ತೂತಿನಲ್ಲಿ ತುಂಬಿ ನಿಂತಿತು. ಒಂದು ಗುಳ್ಳೆಯೂ ಏಳಲಿಲ್ಲ. ಮೊಳೆ ಆ ದಪ್ಪ ಉಬ್ಬಿನಲ್ಲೇ ಸಿಕ್ಕಿಕೊಂಡಿತ್ತು, ಒಳಗಿನ ಟ್ಯೂಬಿಗೆ ಮುಟ್ಟಿರಲಿಲ್ಲ. ಕಾಕಾ ಕಿಸೆಯಿಂದ ಜೋಳ ತೆಗೆದು ಮೊಳೆಯ ಪಕ್ಕದಲ್ಲಿಟ್ಟ. ಸರಿಯಾಗಿ ಎರಡು ಜೋಳದುದ್ದ. ಚಾಚಾನ ಕುರೂಪಿ ಗೆದ್ದಿತ್ತು. ಬಿಳಿ ಪಟ್ಟಿಯದನ್ನು ತಂದಿದ್ದರೆ ಏನಾಗುತ್ತಿತ್ತು ಎಂದು ನಾನು ಯಾರ ಮುಂದೆಯೂ ಎತ್ತಲಿಲ್ಲ.

ಮಾವ ಆ ಕೆಂಪು ನೀರನ್ನು ಬೆರಳಿನಿಂದ ಒರೆಸಿ ನೋಡಿದರು. ಆಮೇಲೆ ಸುತ್ತಿಗೆಯನ್ನು ಗೋಡೆಗೆ ಒರಗಿಸಿದರು.

"ಇದರದು ಉಲ್ಟಾ ಲೆಕ್ಕ ಅದ. ಮಾತಾಡಲಿಲ್ಲ ಅಂದ್ರ ಛೊಲೊ ಅದ ಅಂತ ಅರ್ಥ."

"ನಿಮ್ಮ ಅಳಿಯನ ಹಂಗ," ಎಂದರು ಅತ್ತೆ.

ಮಾವ ಮೂಗು ಮುಂದೆ ಚಾಚಿದರು. "ಆದ್ರ ಟಾಯರಿಗೆ ಸೀಗಿಕಾಯಿ ವಾಸನಿ ಯಾಕ ಬರ್ತದ?"

ಕಾಕಾ ನನ್ನ ಕಡೆ ನೋಡಿದ. ನಾನು ಊಟಕ್ಕೆ ಕೈ ತೊಳೆಯಲು ಹೋದೆ.

ಪಾಡ್ಯ ಮುಗಿದ ಮರುದಿನ ಮರಳಿ ಹೊರಟೆವು. ಕಾಕು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹಿಂದಿನ ಸೀಟಿನಲ್ಲಿ ಕುಳಿತಳು. "ಹುಷಾರವ್ವಾ," ಎಂದು ಮಾವ ಹತ್ತನೆಯ ಸಲ ಹೇಳಿದಾಗ, "ಅಪ್ಪಾ, ನಿಮ್ಮ ಗಾಡಿ ಸ್ಟೇಶನ್ನಿನ ತನಕ ಬರ್ತದ, ಇದು ಮನೀ ಬಾಗಿಲ ತನಕ ಬರ್ತದ," ಎಂದು ನಕ್ಕಳು. ನನ್ನ ಸೀಟು ಅವಳಿಗೆ ಹೋದದ್ದರಿಂದ ನನ್ನನ್ನು ರೈಲಿಗೆ ಹತ್ತಿಸಿದರು. ಹೊರಡುವ ಮುಂಚೆ ಮಾವ ನನ್ನ ರೈಲು ಡಬ್ಬಿಯ ಗಾಲಿಗೆ ನಾನೇ ಬಡಿಯಲು ಸುತ್ತಿಗೆ ಕೊಟ್ಟರು. ಟಣ್ ಎಂದಿತು. ಆ ಸದ್ದು ಪುಣೆಯವರೆಗೂ ಕೇಳಿಸಿತಂತೆ.

ಆ ಮೊಳೆಯನ್ನು ನಾನು ಕೇಳಿ ತೆಗೆದುಕೊಂಡೆ. ಶಾಲೆ ಶುರುವಾದ ದಿನ ಗೆಳತಿಯರ ಮುಂದೆ ಕಥೆ ಹೇಳಿದೆ. ಮೊಳೆ ಗೇಣುದ್ದ ಇತ್ತು, ಟಾಯರಿನ ಈ ಕಡೆಯಿಂದ ಹೊಕ್ಕು ಆ ಕಡೆ ತಲೆ ಹಾಕಿತ್ತು ಎಂದೆ. "ಎಲ್ಲೆ ಅದ, ತೋರಸು," ಎಂದರು. ಅದು ನನ್ನ ಕಂಪಾಸ್ ಪೆಟ್ಟಿಗೆಯಲ್ಲೇ ಇತ್ತು, ಸರಿಯಾಗಿ ಎರಡು ಜೋಳದುದ್ದ, ಒಂದು ಕೂದಲೆಳೆಯೂ ಹೆಚ್ಚಿಲ್ಲ. ಪೆಟ್ಟಿಗೆ ಮನೆಯಲ್ಲಿ ಮರೆತೆ ಎಂದುಬಿಟ್ಟೆ. ಅಂದಿನಿಂದ ಅದನ್ನು ಅಜ್ಜಿಯ ಮಸಾಲೆ ಡಬ್ಬಿಯಲ್ಲಿ ಜೋಳದ ಪಕ್ಕ ಇಟ್ಟಿದ್ದೇನೆ. ಮ್ಯಾಟ್ರಿಕ್ ಫಲಿತಾಂಶ ಬರಲು ಇನ್ನೂ ಹದಿನೈದು ದಿನ. ಟಾಯರು ಈಗ ಒಂದೂವರೆ ಜೋಳದಲ್ಲಿದೆ. ನನಗೆ ಕಲಿಸುವಷ್ಟು ಧಾರಾಳವಾಗಿ ಉಳಿದಿದೆ ಎಂದು ಕಾಕಾನಿಗೆ ದಿನಾ ಬೆಳಿಗ್ಗೆ ಅಳೆದು ತೋರಿಸುತ್ತಿದ್ದೇನೆ.